ಮರುಕಥನದ ಕೃತಿಗಳು ಮತ್ತು ತರಗತಿಯ ಓದು: ಅರಸೀಕೆರೆ, ಬೇಲೂರು, ಹಳೇಬೀಡು ಪರಿಸರದ ಐತಿಹ್ಯಗಳ ಹಿನ್ನೆಲೆಯಲ್ಲಿ

ಕೇಳಿದ ಕಥೆಯನ್ನೇ ಮತ್ತೆ ಹೇಳುವುದು ಕನ್ನಡಕ್ಕೆ ಹೊಸದಲ್ಲ. ಆದರೆ ಹೀಗೆ ಮತ್ತೆ ಹೇಳಿದ ಕಥೆಯನ್ನು ಓದು ಕಲಿಸುವ ಸಾಧನವಾಗಿ ಬಳಸಬಹುದೆಂಬ ವಿಚಾರ ನಮ್ಮ ಶಿಕ್ಷಣ ಚಿಂತನೆಯಲ್ಲಿ ಸಾಕಷ್ಟು ಚರ್ಚೆಗೆ ಒಳಪಟ್ಟಿಲ್ಲ. ಜನಪದ ಕಥೆಗಳನ್ನು ಪಠ್ಯಪುಸ್ತಕದಲ್ಲಿ ಸೇರಿಸುವುದು ಒಂದು ಸಂಗತಿ. ಒಂದೇ ಕಥೆಯ ಹಲವು ರೂಪಗಳನ್ನು ಎದುರುಬದುರಾಗಿ ಇಟ್ಟು ಮಗುವಿನ ಕಣ್ಣು ಅಕ್ಷರದ ಮೇಲೆ ನಿಲ್ಲುವಂತೆ ಮಾಡುವುದು ಬೇರೊಂದು ಸಂಗತಿ. ಮೊದಲನೆಯದನ್ನು ಕನ್ನಡ ಶಾಲೆಗಳು ಬಹುಕಾಲದಿಂದ ಮಾಡುತ್ತ ಬಂದಿವೆ. ಎರಡನೆಯದರ ಸಾಧ್ಯತೆಗಳನ್ನೂ ಮಿತಿಗಳನ್ನೂ ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡುಗಳ ಪರಿಸರದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಮೂರು ಊರುಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿನ ಮಗು ಶಾಲೆಗೆ ಬರುವಾಗಲೇ ಸಳನ ಕಥೆಯನ್ನೋ ಜಕಣಾಚಾರಿಯ ಕಥೆಯನ್ನೋ ಕೇಳಿ ಬಂದಿರುತ್ತದೆ. ಆ ಕಥೆಗಳು ಶಾಸನದಲ್ಲಿ, ಶಿಲ್ಪದಲ್ಲಿ, ಕಾದಂಬರಿಯಲ್ಲಿ, ಚಲನಚಿತ್ರದಲ್ಲಿ ಬೇರೆ ಬೇರೆ ಆಕಾರ ತಳೆದು ಅದರ ಸುತ್ತಲೇ ಇವೆ.

ಮೊದಲು ಪರಿಭಾಷೆಯ ಮಾತು. ಯುರೋಪಿನಲ್ಲಿ ‘ಫೇರಿ ಟೇಲ್’ ಎಂದು ಕರೆಯಲಾಗುವ ಪ್ರಕಾರಕ್ಕೆ ಕನ್ನಡದಲ್ಲಿ ಕಿನ್ನರಿಕಥೆ, ಅದ್ಭುತಕಥೆ ಮುಂತಾದ ಹೆಸರುಗಳು ಬಳಕೆಯಲ್ಲಿದ್ದರೂ ಜನರ ಬಾಯಲ್ಲಿರುವುದು ಅಜ್ಜಿಕಥೆ ಎಂಬ ಮಾತೇ. ಅಜ್ಜಿಕಥೆಗೆ ಕಾಲದೇಶಗಳ ಹಂಗಿಲ್ಲ. ಐತಿಹ್ಯ ಹಾಗಲ್ಲ, ಅದು ಒಂದು ಊರಿಗೆ, ಒಂದು ಕಲ್ಲಿಗೆ, ಒಂದು ಕೆರೆಗೆ ಅಂಟಿಕೊಂಡಿರುತ್ತದೆ, ನಡೆದದ್ದೆಂದು ನಂಬಿಸಲು ಯತ್ನಿಸುತ್ತದೆ. ಪಶ್ಚಿಮದಲ್ಲಿ ಶಾರ್ಲ್ ಪೆರೋ 1697ರಲ್ಲಿ, ಗ್ರಿಮ್ ಸಹೋದರರು 1812ರಿಂದ ಪ್ರಕಟಿಸಿದಂಥ ಕಥೆಗಳನ್ನು ಆಧರಿಸಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಿರಿಯರಿಗಾಗಿಯೇ ಕಾದಂಬರಿಗಳು ಬಂದವು. ರಾಬಿನ್ ಮೆಕಿನ್ಲಿಯ ‘ಬ್ಯೂಟಿ’ (1978), ಗೇಲ್ ಕಾರ್ಸನ್ ಲೆವೀನ್‌ರ ‘ಎಲ್ಲಾ ಎನ್‌ಚಾಂಟೆಡ್’ (1997) ಇವುಗಳಲ್ಲಿ ಪ್ರಸಿದ್ಧವಾದವು. ಎರಡನೆಯದರಲ್ಲಿ ಸಿಂಡ್ರೆಲಾ ವಿಧೇಯಳಾಗಿರುವುದು ಅವಳ ಸ್ವಭಾವದಿಂದಲ್ಲ, ಹುಟ್ಟಿನಲ್ಲಿ ಬಿದ್ದ ಶಾಪದಿಂದ. ಆಜ್ಞೆಯನ್ನು ಮೀರಲಾರದ ಹುಡುಗಿ ಅದನ್ನು ಮೀರುವುದೇ ಕಥೆ. ಮೂಲ ಕಥೆ ಗೊತ್ತಿರುವ ಓದುಗನಿಗೆ ಈ ಒಂದು ಬದಲಾವಣೆಯೇ ಇಡೀ ಪುಸ್ತಕವನ್ನು ಓದಿಸಿಕೊಂಡು ಹೋಗುತ್ತದೆ. ಇಂಥ ಕೃತಿಗಳು ಅಲ್ಲಿನ ತರಗತಿಗಳನ್ನು ಪ್ರವೇಶಿಸಿದ್ದಕ್ಕೆ ಇದೇ ಮುಖ್ಯ ಕಾರಣ.

ಕನ್ನಡದಲ್ಲಿ ಅಜ್ಜಿಕಥೆಯನ್ನು ಮಕ್ಕಳಿಗಾಗಿ ಕಾದಂಬರಿಯ ಗಾತ್ರಕ್ಕೆ ಹಿಗ್ಗಿಸಿದ ಕೃತಿಗಳು ವಿರಳ. ಜನಪದ ಕಥೆಯ ಮರುಸೃಷ್ಟಿ ನಮ್ಮಲ್ಲಿ ಹೆಚ್ಚಾಗಿ ರಂಗಭೂಮಿಯ ಕಡೆ ಹರಿಯಿತು. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’, ಎ.ಕೆ. ರಾಮಾನುಜನ್ ಹೇಳಿದ ಕಥೆಗಳಿಂದ ಹುಟ್ಟಿದ ಗಿರೀಶ ಕಾರ್ನಾಡರ ‘ನಾಗಮಂಡಲ’ ಇದಕ್ಕೆ ನಿದರ್ಶನಗಳು. ಕಾದಂಬರಿಕಾರರು ಕೈಗೆತ್ತಿಕೊಂಡದ್ದು ಪುರಾಣವನ್ನು ಮತ್ತು ಐತಿಹ್ಯವನ್ನು. ದೇವುಡು ಅವರ ‘ಮಹಾಬ್ರಾಹ್ಮಣ’, ಹಾಸನ ಜಿಲ್ಲೆಯವರೇ ಆದ ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಪುರಾಣದ ಮರುಕಥನಗಳಾದರೆ, ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಮತ್ತು ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಬೇಲೂರು–ಹಳೇಬೀಡುಗಳ ನೆನಪನ್ನು ಕಾದಂಬರಿಗೆ ತಂದವು. ಆದ್ದರಿಂದ ಪಶ್ಚಿಮದ ಮಾದರಿಯನ್ನು ಇದ್ದಂತೆಯೇ ತಂದು ನಮ್ಮ ತರಗತಿಯಲ್ಲಿ ನೆಡಲು ಹೊರಡುವುದು ವ್ಯರ್ಥ. ನಮ್ಮಲ್ಲಿ ಇರುವುದೇನು ಎಂಬುದರಿಂದಲೇ ಆರಂಭಿಸಬೇಕು.

ಇರುವುದು ಅಲ್ಪವೇನೂ ಅಲ್ಲ. ಹನ್ನೊಂದನೆಯ ಶತಮಾನದ ದುರ್ಗಸಿಂಹ ಪಂಚತಂತ್ರವನ್ನು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಕನ್ನಡಕ್ಕೆ ತಂದ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಪೂರೈಸಿದ; ಸಂಸ್ಕೃತ ಪ್ರಾಕೃತಗಳಲ್ಲಿ ಹಲವರು ಹೇಳಿದ್ದ ಕಥೆ ಅದು. ಅದೇ ಕಥೆಯ ಹಿಟ್ಟಿನ ಕೋಳಿ ಏಳೂವರೆ ಶತಮಾನಗಳ ತರುವಾಯ ಕಾರ್ನಾಡರ ನಾಟಕದಲ್ಲಿ ಮತ್ತೆ ಕೂಗಿತು. ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಮರುಕಥನದ ಒಂದು ದೊಡ್ಡ ಕಮ್ಮಟವಾಗಿತ್ತೆಂದರೆ ಅತಿಶಯೋಕ್ತಿಯಾಗದು.

ಮಕ್ಕಳ ಸಾಹಿತ್ಯಕ್ಕೆ ಬಂದರೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮರುಕಥನಕ್ಕೆ ಮಾದರಿಯೆಂದು ಹೇಳಬೇಕು. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯವನ್ನು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಕವನವಾಗಿಸಿದ್ದ. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದರು. ನಗರಾಧ್ಯಕ್ಷನ ಜಾಗದಲ್ಲಿ ಊರ ಗೌಡ ಬಂದ, ಕೊಳಲಿನವನ ಜಾಗದಲ್ಲಿ ಕಿಂದರಿ ಹಿಡಿದ ಜೋಗಿ ಬಂದ. ಕೊಟ್ಟ ಮಾತಿಗೆ ತಪ್ಪಿದ ಊರು ತನ್ನ ಮಕ್ಕಳನ್ನು ಕಳೆದುಕೊಳ್ಳುವ ದುರಂತ ಮಾತ್ರ ಹಾಗೆಯೇ ಉಳಿಯಿತು. ಕನ್ನಡದ ಮಗುವಿಗೆ ಇದು ಪರದೇಶದ ಕಥೆಯೆಂದು ಅನ್ನಿಸುವುದೇ ಇಲ್ಲ. ಮರುಕಥನದಲ್ಲಿ ಬದಲಾಗಬೇಕಾದದ್ದು ಯಾವುದು, ಬದಲಾಗಬಾರದ್ದು ಯಾವುದು ಎಂಬ ವಿವೇಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ದೊರಕದು. ಇದಕ್ಕೆ ವಿರುದ್ಧವಾದ ಇನ್ನೊಂದು ದಾರಿಯೂ ಇತ್ತು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳನ್ನು ಕನ್ನಡ ಚಿತ್ರಕಥೆಗಳಾಗಿ ಹೊರತಂದರು. ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲಿಕೆ ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗುವುದು ಮೊದಲ ಹತ್ತು ಈ ಕನ್ನಡ ಪುಸ್ತಕಗಳಾದ್ದರಿಂದ ಎಂಬುದು ಗ್ರಂಥಾಲಯಗಳವರು ನೆನಪಿಡಬೇಕಾದ ಸಂಗತಿ. ಇವುಗಳಲ್ಲಿ ಭಾಷೆ ಮಾತ್ರ ಕನ್ನಡವಾಯಿತು. ವೇಷಭೂಷಣ, ಅರಮನೆ, ಗಾಜಿನ ಪಾದರಕ್ಷೆ ಎಲ್ಲವೂ ಹಾಗೆಯೇ ಉಳಿದವು. ಇದು ಅನುವಾದ, ಕುವೆಂಪು ಮಾಡಿದ್ದು ಮರುಕಥನ.

ಇನ್ನು ಗೊತ್ತಿರುವ ಕಥೆ ಓದಿಗೆ ಹೇಗೆ ನೆರವಾಗುತ್ತದೆ ಎಂಬುದನ್ನು ನೋಡಬೇಕು. ಕನ್ನಡ ಲಿಪಿ ಉಚ್ಚಾರಣೆಗೆ ನಿಷ್ಠವಾದದ್ದು. ಬರೆದಂತೆ ಓದುತ್ತೇವೆ ಎಂಬ ಹೆಮ್ಮೆ ನಮಗಿದೆ. ಆದರೆ ಕಲಿಯುವ ಮಗುವಿನ ಕಡೆಯಿಂದ ನೋಡಿದರೆ ಈ ಸೌಲಭ್ಯಕ್ಕೆ ತೆರಬೇಕಾದ ಬೆಲೆ ಕಡಿಮೆಯಲ್ಲ. ಮೂವತ್ತನಾಲ್ಕು ವ್ಯಂಜನಗಳು ಸ್ವರಗಳೊಡನೆ ಕೂಡಿ ನಾಲ್ಕುನೂರಕ್ಕೂ ಹೆಚ್ಚು ಗುಣಿತಾಕ್ಷರಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರಗಳನ್ನು ಬೇಗ ಗುರುತಿಸಿ ಕಾಗುಣಿತದಲ್ಲಿ ವರ್ಷಗಟ್ಟಲೆ ತಡವರಿಸಿದರೆ, ಕನ್ನಡದ ಮಗು ಅಕ್ಷರಗಳ ಬಳಗವನ್ನು ಗುರುತಿಸುವುದರಲ್ಲಿಯೇ ದೀರ್ಘಕಾಲ ಕಳೆಯುತ್ತದೆ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮಕ್ಕಳ ಅಕ್ಷರಜ್ಞಾನ ಮೊದಲೆರಡು ತರಗತಿಗಳಲ್ಲಿ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಚಾಚುತ್ತದೆ ಎಂಬುದನ್ನು ತೋರಿಸಿಕೊಟ್ಟಿತು. ಅಂದರೆ ಪಠ್ಯಪುಸ್ತಕ ವಿಷಯಜ್ಞಾನವನ್ನು ನಿರೀಕ್ಷಿಸುವ ಮೂರು, ನಾಲ್ಕನೆಯ ತರಗತಿಯಲ್ಲಿಯೂ ಅನೇಕ ಮಕ್ಕಳು ಒತ್ತಕ್ಷರದೊಡನೆ ಸೆಣಸುತ್ತಿರುತ್ತಾರೆ. ಕಣ್ಣು ಅಕ್ಷರದಲ್ಲಿ ಸಿಕ್ಕಿಕೊಂಡಿರುವಾಗ ಅರ್ಥಕ್ಕೆ ಮನಸ್ಸು ಉಳಿಯುವುದಿಲ್ಲ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಮರೆತುಹೋಗಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಇರುವುದೋ ಕೊನೆಯಲ್ಲಿಯೇ.

ಗೊತ್ತಿರುವ ಕಥೆ ಇಲ್ಲಿ ಊರೆಗೋಲಾಗುತ್ತದೆ. ಮುಂದೇನು ಎಂಬುದು ತಿಳಿದಿರುವುದರಿಂದ ಮಗು ‘ಶಿಲ್ಪಿ’ ಎಂಬ ಪದದ ಮೊದಲಕ್ಷರ ಕಂಡ ಕೂಡಲೇ ಉಳಿದುದನ್ನು ಊಹಿಸಬಲ್ಲದು, ಊಹಿಸಿದ್ದನ್ನು ಅಕ್ಷರದೊಡನೆ ತಾಳೆ ನೋಡಬಲ್ಲದು. ಆರಂಭದ ಹಂತದಲ್ಲಿ ಸರಪಣಿ ಕಥೆಗಳು ವಿಶೇಷವಾಗಿ ಉಪಯುಕ್ತ. ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆಯನ್ನು ಮಕ್ಕಳಿಗಾಗಿ ಬರೆದಾಗ ಒಂದೇ ವಾಕ್ಯರಚನೆ ಮತ್ತೆ ಮತ್ತೆ ಬರುವಂತೆ, ಪ್ರತಿಸಲ ಒಂದೇ ಒಂದು ಹೊಸ ಪದ ಸೇರುವಂತೆ ನೋಡಿಕೊಂಡರು. ಓದಿನ ಪಾಠಗಳನ್ನು ಶಾಸ್ತ್ರೀಯವಾಗಿ ಶ್ರೇಣೀಕರಿಸುವ ಮಾತು ನಮ್ಮಲ್ಲಿ ಕೇಳಿಬರುವುದಕ್ಕೆ ಎಷ್ಟೋ ಮೊದಲೇ ಜನಪದ ಕಥೆಯ ಬಂಧದಲ್ಲಿಯೇ ಆ ಶ್ರೇಣಿಯನ್ನು ಅವರು ಗುರುತಿಸಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದ ‘ನಲಿ-ಕಲಿ’ಯಲ್ಲಿಯೂ ಹಾಡು, ಕಥೆ, ಚಿತ್ರಗಳಿಗೆ ಸ್ಥಾನವಿದೆ.

ಆದರೆ ಇದೇ ಗುಣದಲ್ಲಿ ಒಂದು ಅಪಾಯವೂ ಅಡಗಿದೆ. ಅದನ್ನು ಕಡೆಗಣಿಸಿ ಜನಪದ ಕಥೆಯ ಶೈಕ್ಷಣಿಕ ಮೌಲ್ಯವನ್ನು ಹೊಗಳುವ ಬರಹಗಳಿಗೆ ಕೊರತೆಯಿಲ್ಲ. ‘ಗೋವಿನ ಹಾಡ’ನ್ನು ಪುಸ್ತಕ ಹಿಡಿದು ನಿರರ್ಗಳವಾಗಿ ಹೇಳುವ ಮಗು ಅದನ್ನು ಓದುತ್ತಿದೆಯೆಂದು ಹೇಳಲು ಬರುವುದಿಲ್ಲ. ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ ಇರುವುದನ್ನು ಯಾವ ಪ್ರಾಥಮಿಕ ಶಾಲೆಯ ಶಿಕ್ಷಕರೂ ಬಲ್ಲರು. ಗೊತ್ತಿರುವ ಕಥೆ ಓದಿಗೆ ನೆರವಾಗುವಂತೆಯೇ ಓದನ್ನು ಅನಗತ್ಯವಾಗಿಸಲೂ ಬಲ್ಲದು.

ಮರುಕಥನದ ಪ್ರಯೋಜನ ಇರುವುದು ಇಲ್ಲಿಯೇ. ಕಥೆ ಗೊತ್ತಿದೆ, ಆದರೆ ಮುದ್ರಿತ ರೂಪ ಗೊತ್ತಿರುವ ದಾರಿಯಲ್ಲಿ ಹೋಗುತ್ತಿಲ್ಲ. ಹುಲಿ ಪ್ರಾಣ ಬಿಡದೆ ಹಸುವಿನೊಡನೆ ಮಾತಿಗೆ ಕುಳಿತರೆ, ಜೋಗಿಗೆ ಹಣ ಸಂದಾಯವಾಗಿಬಿಟ್ಟರೆ, ನೆನಪು ನೆರವಿಗೆ ಬರುವುದಿಲ್ಲ. ಮಗು ಬೆಚ್ಚಿ ಮತ್ತೆ ಅಕ್ಷರವನ್ನು ನೋಡಬೇಕಾಗುತ್ತದೆ. ಹೀಗೆ ಊಹೆ ಮುರಿದು ಮತ್ತೆ ಪುಟಕ್ಕೆ ಮರಳುವ ಗಳಿಗೆಯೇ ಓದು ಎಂಬ ಕ್ರಿಯೆಯ ಜೀವಾಳ. ಆದ್ದರಿಂದ ತರಗತಿಗೆ ಬೇಕಾದದ್ದು ಒಂದು ಕಥೆಯಲ್ಲ, ಒಂದೇ ಕಥೆಯ ಕನಿಷ್ಠ ಎರಡು ರೂಪಗಳು: ಕೇಳಿ ಬಲ್ಲ ರೂಪ ಒಂದು, ಓದಿಯೇ ತಿಳಿಯಬೇಕಾದ ರೂಪ ಇನ್ನೊಂದು.

ಬೇಲೂರಿನ ಜಕಣಾಚಾರಿಯ ಐತಿಹ್ಯ ಈ ದೃಷ್ಟಿಯಿಂದ ಅಸಾಮಾನ್ಯವಾದ ಸಾಮಗ್ರಿ. ಹೊಸದಾಗಿ ಮದುವೆಯಾದ ಶಿಲ್ಪಿ ಹೆಂಡತಿಯನ್ನು ಬಿಟ್ಟು ಕಲೆಯ ಬೆನ್ನುಹತ್ತಿ ಹೋಗುತ್ತಾನೆ. ಬೆಳೆದ ಮಗ ಡಂಕಣಾಚಾರಿ ತಂದೆಯನ್ನು ಹುಡುಕುತ್ತ ಬೇಲೂರಿಗೆ ಬರುತ್ತಾನೆ. ಪ್ರತಿಷ್ಠೆಗೆ ಸಿದ್ಧವಾದ ಮೂರ್ತಿಯಲ್ಲಿ ದೋಷವಿದೆಯೆನ್ನುತ್ತಾನೆ. ಲೇಪಿಸಿದ ಗಂಧ ನಾಭಿಯ ಬಳಿ ಮಾತ್ರ ಒಣಗದೆ ಉಳಿಯುತ್ತದೆ. ಉಳಿ ತಾಗಿದಾಗ ನೀರು, ಮರಳು, ಕಪ್ಪೆ ಹೊರಬೀಳುತ್ತವೆ. ಜಕಣಾಚಾರಿ ತನ್ನ ಬಲಗೈಯನ್ನು ಕಡಿದುಕೊಳ್ಳುತ್ತಾನೆ. ಕೊನೆಗೆ ತುಮಕೂರು ಸಮೀಪದ ಕೈದಾಳದಲ್ಲಿ ದೇವಾಲಯ ಕಟ್ಟಿದ ಮೇಲೆ ಕೈ ಮರಳಿ ಬರುತ್ತದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಯೂ ಕೈದಾಳವೆಂಬ ಊರ ಹೆಸರೂ ಈ ಕಥೆಗೆ ಸಾಕ್ಷಿಯೆಂದು ಜನ ನಂಬುತ್ತಾರೆ. 1964ರಲ್ಲಿ ತೆರೆಕಂಡ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ವರ್ಣಚಿತ್ರವಾಗಿ ಕಥೆಯನ್ನು ಮನೆಮನೆಗೆ ಒಯ್ದಿತು. ಶಿಲ್ಪಕಲೆಗೆ ರಾಜ್ಯ ಸರ್ಕಾರ ನೀಡುವ ಪ್ರಶಸ್ತಿಯೂ ಅವನ ಹೆಸರಿನಲ್ಲಿಯೇ ಇದೆ.

ಆದರೆ ಹೊಯ್ಸಳರ ಶಾಸನಗಳಲ್ಲಿ ಈ ದೇವಾಲಯದ ಶಿಲ್ಪಿಯಾಗಿ ಜಕಣಾಚಾರಿಯ ಹೆಸರು ದೊರೆಯುವುದಿಲ್ಲ. ಅದು ವ್ಯಕ್ತಿಯ ಹೆಸರಲ್ಲ, ದಕ್ಷಿಣದ ಆಚಾರಿಗಳನ್ನು ಸೂಚಿಸುವ ಸಾಮಾನ್ಯನಾಮದಿಂದ ಬಂದದ್ದಿರಬೇಕೆಂಬ ಊಹೆಯೂ ಉಂಟು. ದೊರೆಯುವ ಹೆಸರುಗಳು ಬೇರೆ. ಬೇಲೂರಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಇವರಲ್ಲಿ ಚಾವಣ ದಾಸೋಜನ ಮಗ. ಐತಿಹ್ಯದ ತಂದೆ ಮಗ ಅಗಲಿ, ಎದುರಾಳಿಗಳಾಗಿ ಸೇರಿದರೆ, ಶಾಸನದ ತಂದೆ ಮಗ ಒಂದೇ ಗುಡಿಯ ಕೆಲಸದಲ್ಲಿ ತಮ್ಮ ತಮ್ಮ ಹೆಸರನ್ನು ಬರೆದಿಟ್ಟು ಹೋಗಿದ್ದಾರೆ. ಯಾವ ಕಥೆ ದೊಡ್ಡದು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಈ ಸಾಮಗ್ರಿಯನ್ನು ಐದು ಅಥವಾ ಆರನೆಯ ತರಗತಿಯಲ್ಲಿ ಬಳಸುವ ಕ್ರಮವನ್ನು ಹೀಗೆ ಯೋಚಿಸಬಹುದು. ಮೊದಲು ಮಕ್ಕಳು ತಾವು ಕೇಳಿದಂತೆ ಕಥೆಯನ್ನು ಹೇಳಲಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಒಪ್ಪಿಗೆಯಾಗದಿರುವುದು ಖಂಡಿತ. ಆಮೇಲೆ ಮುದ್ರಿತ ಮರುಕಥನವೊಂದನ್ನು ಓದಲಿ, ತಮ್ಮ ಕಥೆಯಲ್ಲಿ ಇಲ್ಲದ್ದನ್ನು ಗುರುತು ಹಾಕಲಿ. ತರುವಾಯ ಕಪ್ಪೆ ಚೆನ್ನಿಗರಾಯನ ಗುಡಿಯ ಬಗ್ಗೆ ನಾಲ್ಕು ಸಾಲಿನ ಒಂದು ಮಾಹಿತಿ ಬರಹವನ್ನು ಕೊಡಬೇಕು: ಅದನ್ನು ಮಾಡಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲದೇವಿ, ಕಾಲ 1117ರ ಸುಮಾರು. ಕೊನೆಯದಾಗಿ ದಾಸೋಜ ಚಾವಣರ ಹೆಸರುಳ್ಳ ಶಾಸನಪಾಠ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ ಬೇಲೂರಿನ ಶಾಸನಗಳು ಇಂದಿನ ಕನ್ನಡ ಲಿಪಿಯಲ್ಲಿಯೇ ಇವೆ. ಮಕ್ಕಳಿಗೆ ಹಳಗನ್ನಡದ ಅರ್ಥ ಆಗದಿದ್ದರೂ ಹೆಸರುಗಳನ್ನು ಓದಲು ಅಡ್ಡಿಯಿಲ್ಲ. ಒಂಬೈನೂರು ವರ್ಷಗಳ ಹಿಂದಿನ ಕೆಲಸಗಾರನೊಬ್ಬನ ಹೆಸರನ್ನು ತಾನೇ ಓದಿ ತಿಳಿದ ಮಗುವಿಗೆ ಅಕ್ಷರ ಯಾತಕ್ಕೆ ಎಂಬುದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಐತಿಹ್ಯ ಸುಳ್ಳು, ಶಾಸನ ನಿಜ ಎಂಬ ತೀರ್ಪಿನಿಂದ ಪಾಠ ಮುಗಿದರೆ ಅದು ಪಾಠವಲ್ಲ. ಬೇಲೂರು ಹಳೇಬೀಡುಗಳಲ್ಲಿ ಪ್ರವಾಸಿಗರಿಗೆ ಕಥೆ ಹೇಳಿ ಬದುಕುವ ಮನೆಗಳಿವೆ, ಕಲ್ಲಿನ ಕೆಲಸದ ಮನೆಗಳಿವೆ; ಜಕಣಾಚಾರಿ ಅಲ್ಲಿನ ಮಗುವಿಗೆ ಕೇವಲ ಕಥೆಯಲ್ಲ. ಮನೆಯಲ್ಲಿ ಕೇಳಿದ್ದನ್ನು ಶಾಲೆ ಹುಸಿಯೆಂದು ತಳ್ಳಿಹಾಕಿದರೆ ಮಗು ಮನೆಯನ್ನಾದರೂ ಬಿಡಬೇಕು, ಪುಸ್ತಕವನ್ನಾದರೂ ಬಿಡಬೇಕು. ಬಹುಪಾಲು ಮಕ್ಕಳು ಬಿಡುವುದು ಪುಸ್ತಕವನ್ನು. ಜನ ಈ ಕಥೆಯನ್ನು ಏಕೆ ಕಟ್ಟಿಕೊಂಡರು, ಕೈ ಕಳೆದುಕೊಂಡ ಶಿಲ್ಪಿಯೇ ಅವರಿಗೆ ಏಕೆ ಬೇಕಾದ ಎಂದು ಕೇಳುವುದು ಹೆಚ್ಚು ಫಲದಾಯಕ.

ಸಳನ ಕಥೆಯದೂ ಇಂಥದೇ ಸ್ಥಿತಿ. ಮುನಿಯ ಮಾತಿಗೆ ಓಗೊಟ್ಟು ಹುಲಿಯನ್ನು ಕೊಂದ ವೀರನಿಂದ ಹೊಯ್ಸಳ ಎಂಬ ಹೆಸರು ಬಂತೆಂಬ ವೃತ್ತಾಂತ ವಿಷ್ಣುವರ್ಧನನ ಕಾಲದ, 1117ರ ಬೇಲೂರು ಶಾಸನದಲ್ಲಿಯೇ ಇದೆ. ಘಟನೆ ನಡೆದ ಸೊಸೆವೂರನ್ನು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂದು ಗುರುತಿಸಲಾಗಿದೆ. ಹಾಗಾದರೆ ಶಾಸನವೂ ಒಂದು ಮರುಕಥನವೇ. ಬರಹದಲ್ಲಿ ಹುಲಿಯಾಗಿರುವುದು ಗುಡಿಯ ಮುಂದಿನ ಶಿಲ್ಪದಲ್ಲಿ ಕೇಸರವುಳ್ಳ ಸಿಂಹದಂತೆ ಕಾಣುತ್ತದೆ. ಓದಿದ್ದಕ್ಕೂ ಕಂಡದ್ದಕ್ಕೂ ಇರುವ ಈ ವ್ಯತ್ಯಾಸವನ್ನು ಮಕ್ಕಳು ಹಿರಿಯರಿಗಿಂತ ಬೇಗ ಹಿಡಿಯುತ್ತಾರೆ.

ಹಳೇಬೀಡಿನಲ್ಲಿ ಓದಿನ ಇನ್ನೊಂದು ಆಯಾಮ ತೆರೆದುಕೊಳ್ಳುತ್ತದೆ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಅಡಿಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆಗಳ ಪಟ್ಟಿಕೆಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥಾಪಟ್ಟಿಕೆ ಸಾಗುತ್ತದೆ. ಅಕ್ಷರವಿಲ್ಲದ ಪುಸ್ತಕವದು. ಎಲ್ಲಿ ಒಂದು ಪ್ರಸಂಗ ಮುಗಿದು ಇನ್ನೊಂದು ಆರಂಭವಾಯಿತು, ಒಂದೇ ಪಾತ್ರ ಪಕ್ಕಪಕ್ಕದಲ್ಲಿ ಎರಡು ಸಲ ಬಂದಿದ್ದರೆ ಅದು ಇಬ್ಬರೋ ಒಬ್ಬನೋ, ನಡುವೆ ಬಿಟ್ಟದ್ದೇನು ಎಂಬ ಪ್ರಶ್ನೆಗಳು ಶಿಲ್ಪವನ್ನು ನೋಡುವಾಗ ಏಳುವಂತೆಯೇ ಕಥೆಯ ಪುಟವನ್ನು ಓದುವಾಗಲೂ ಏಳಬೇಕು. ಚಕ್ರವ್ಯೂಹದಲ್ಲಿ ಸಿಕ್ಕಿದ ಅಭಿಮನ್ಯುವಿನ ಫಲಕದೆದುರು ನಿಂತ ಮಕ್ಕಳಿಂದ ಒಂದೊಂದು ವಾಕ್ಯ ಹೇಳಿಸಿ, ಶಾಲೆಗೆ ಮರಳಿ ಆ ವಾಕ್ಯಗಳನ್ನು ಬರೆಯಿಸಿ, ಆ ಬರಹವನ್ನೇ ಓದಿಸಿದರೆ ಅವರದೇ ಒಂದು ಮರುಕಥನ ಸಿದ್ಧವಾಗುತ್ತದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೂರದಿಂದ ಬರುವವರ ಸಂಖ್ಯೆಯ ಬಗ್ಗೆ ಮಾತು ಹೆಚ್ಚಾಗಿದೆ. ಕಾಲ್ನಡಿಗೆಯ ದೂರದಲ್ಲಿರುವ ಶಾಲೆಗಳಿಗೆ ಈ ಗೋಡೆಗಳು ಪಾಠವಾಗುವ ಮಾತು ಇನ್ನೂ ಹಿಂದೆಯೇ ಉಳಿದಿದೆ.

ಅರಸೀಕೆರೆಯಲ್ಲಿ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಊರಿನ ಹೆಸರೇ ಅರಸಿಯ ಕೆರೆ. ಸುಮಾರು 1220ರ, ನಕ್ಷತ್ರಾಕಾರದ ಮುಖಮಂಟಪವುಳ್ಳ ಶಿವಾಲಯ ಇಲ್ಲಿನ ಹೆಗ್ಗುರುತಾದರೂ ಬಯಲುಸೀಮೆಯ ಈ ತಾಲ್ಲೂಕಿನ ಬದುಕು ಕೆರೆಯನ್ನೂ ತೆಂಗನ್ನೂ ನಂಬಿದ್ದು. ಕೆರೆಯ ಕಥೆಯೆಂದರೆ ಕನ್ನಡದಲ್ಲಿ ಮೊದಲು ನೆನಪಾಗುವುದು ‘ಕೆರೆಗೆ ಹಾರ’. ಉತ್ತರ ಕರ್ನಾಟಕದ ಕಥನಗೀತೆಯಾದರೂ ಪಠ್ಯಗಳ ಮೂಲಕ ಇಡೀ ನಾಡಿನದಾಗಿದೆ. ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ತಿಳಿದ ಗಂಡ ತಾನೂ ಅದೇ ಕೆರೆಗೆ ಹಾರುತ್ತಾನೆ. ಈ ಕಥೆಯನ್ನು ತ್ಯಾಗದ ಕಥೆಯೆಂದು ಬಹುಕಾಲ ಕಲಿಸಲಾಯಿತು. ತರಗತಿಯಲ್ಲಿ ಕುಳಿತ ಹೆಣ್ಣುಮಗುವಿಗೆ ಅದು ಹಾಗೆ ಕೇಳಿಸುತ್ತದೆಯೆ? ಭಾಗೀರಥಿಗೆ ಯಾರೂ ಸಂಗತಿಯನ್ನು ನೇರವಾಗಿ ಹೇಳುವುದಿಲ್ಲ, ತವರಿನವರೂ ತಡೆಯುವುದಿಲ್ಲ. ಗೀತೆ ಅವಳ ಮನಸ್ಸನ್ನು ಬಿಚ್ಚುವುದಕ್ಕಿಂತ ಮುಚ್ಚುವುದೇ ಹೆಚ್ಚು. ಆ ಮೌನವನ್ನು ತುಂಬಲು ಹೊರಡುವುದೇ ಮರುಕಥನ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಭಾಗೀರಥಿ ಗೆಳತಿಯ ಮನೆಗೆ ಹೋದ ಗಳಿಗೆಯನ್ನು ಒಂದು ಪುಟ ಬರೆಯಬೇಕಾದರೆ ಗೀತೆಯ ಪ್ರತಿಯೊಂದು ಮಾತನ್ನೂ ಮತ್ತೆ ಓದಬೇಕಾಗುತ್ತದೆ. ಅಲ್ಲಿ ಇರುವುದಕ್ಕೆ ವಿರುದ್ಧವಾಗಿ ಬರೆಯಲು ಬರುವುದಿಲ್ಲವಲ್ಲ.

ಮಕ್ಕಳಿಗೆ ಕೊಡುವಾಗ ಕಥೆಯಲ್ಲಿ ಏನನ್ನು ಬಿಡಬೇಕು ಎಂಬ ಹಳೆಯ ಚರ್ಚೆ ಇಲ್ಲಿ ಎದುರಾಗುತ್ತದೆ. ಗ್ರಿಮ್ ಸಹೋದರರೇ ತಮ್ಮ ಕಥೆಗಳನ್ನು ಆವೃತ್ತಿಯಿಂದ ಆವೃತ್ತಿಗೆ ತಿದ್ದಿದರು. ರಪುಂಜೆಲ್ ಗರ್ಭಿಣಿಯಾದ ಸೂಚನೆಯನ್ನು ತೆಗೆದರು, ಹ್ಯಾನ್ಸೆಲ್ ಗ್ರೆಟೆಲ್‌ರನ್ನು ಕಾಡಿಗಟ್ಟುವ ಹೆತ್ತತಾಯಿಯನ್ನು ಮಲತಾಯಿಯನ್ನಾಗಿ ಮಾಡಿದರು. ಕನ್ನಡದ ಸಿಂಡ್ರೆಲಾ ಎಂದು ರಾಮಾನುಜನ್ ಕರೆದ, ಅಲನ್ ಡಂಡಸ್ 1982ರಲ್ಲಿ ಸಂಪಾದಿಸಿದ ಸಂಕಲನದಲ್ಲಿ ಪ್ರಕಟವಾದ ‘ಹಂಚಿ’ಯ ಕಥೆಯನ್ನು ನೋಡಬಹುದು. ಚಿನ್ನದ ಕೂದಲಿನ ಹುಡುಗಿಯ ಮುಖಕ್ಕೆ ತಾಯಿ ಮಣ್ಣಿನ ಮುಖವಾಡ ಹಾಕಿ ಮನೆಯಿಂದ ಕಳಿಸುವುದಕ್ಕೆ ಕಾರಣ ಮಲತಾಯಿಯ ಮತ್ಸರವಲ್ಲ, ಒಡಹುಟ್ಟಿದವನ ಕಾಮನೆ. ಕಿರಿಯ ತರಗತಿಗೆ ಈ ಕಾರಣವನ್ನು ಹೇಳಲಾಗದು. ಆದರೆ ಅದನ್ನು ತೆಗೆದು ಮಲತಾಯಿಯನ್ನು ತಂದು ಕೂರಿಸಿದರೆ ಮಗಳನ್ನು ಕಾಪಾಡಿದ ತಾಯಿ ಕಥೆಯಿಂದಲೇ ಮಾಯವಾಗುತ್ತಾಳೆ. ಹಂಚಿ ಪೆರೋನ ಸಿಂಡ್ರೆಲಾಳ ನೆರಳಾಗುತ್ತಾಳೆ. ಅವಳಿಗೆ ಮನೆಯಲ್ಲಿ ಅಪಾಯವಿತ್ತು, ತಾಯಿ ಅವಳನ್ನು ಉಳಿಸಲು ಕಳಿಸಿದಳು ಎಂದಷ್ಟೇ ಹೇಳಿ ನಿಲ್ಲುವುದು ಲೇಸು. ಬಿಟ್ಟ ಜಾಗ ಬಿಟ್ಟಂತೆಯೇ ಇದ್ದರೆ ಪ್ರಬುದ್ಧನಾದ ಓದುಗ ಮುಂದೆ ಅದನ್ನು ತುಂಬಿಕೊಳ್ಳಬಲ್ಲ; ಸುಳ್ಳಿನಿಂದ ತುಂಬಿದ ಜಾಗಕ್ಕೆ ಮತ್ತೆ ಪ್ರವೇಶವಿಲ್ಲ.

ಪ್ರೌಢಶಾಲೆಗೆ ಬಂದಾಗ ಮಾತ್ರ ಕಾದಂಬರಿ ನಿಜವಾಗಿ ಕೈಗೆ ಬರುತ್ತದೆ. ‘ಪಟ್ಟಮಹಾದೇವಿ ಶಾಂತಲದೇವಿ’ ನಾಲ್ಕು ಸಂಪುಟಗಳ ಬೃಹತ್ ಕೃತಿ. ಇಡಿಯಾಗಿ ಓದಿಸುವುದು ಅಸಾಧ್ಯ, ಓದಿಸಬೇಕೆಂದೂ ಇಲ್ಲ. ಅದರ ಒಂದು ಅಧ್ಯಾಯವನ್ನೂ ಅಯ್ಯರ್ ಅವರ ‘ಶಾಂತಲಾ’ದಿಂದ ಸಮಾನವಾದ ಒಂದು ಭಾಗವನ್ನೂ ಆಯ್ದು ಜೊತೆಗಿಟ್ಟರೆ ಸಾಕು. ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ; ಹೇಗೆ ಎಂಬುದನ್ನು ಬೆಟ್ಟದ ಕಡಿದಾದ ಅಂಚನ್ನು ತೋರಿಸಿ ಜನ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. ಶಾಸನದ 1131ರ ಒಂದು ಸಂಗತಿಗೂ ಕಾದಂಬರಿಯ ನೂರಾರು ಪುಟಗಳಿಗೂ ನಡುವೆ ಲೇಖಕನ ಕೆಲಸ ಯಾವುದು ಎಂಬುದನ್ನು ವಿದ್ಯಾರ್ಥಿ ತಾನೇ ಅಳೆಯಬಹುದು. ಭೈರಪ್ಪನವರ ‘ಪರ್ವ’ದಿಂದಲೂ ಭಾಗಗಳನ್ನು ಆರಿಸಬಹುದಾದರೂ ಅದು ಪದವಿಪೂರ್ವ ಹಂತಕ್ಕೆ ಮೇಲ್ಪಟ್ಟ ಓದು.

ಈ ಎಲ್ಲದರ ಮಧ್ಯೆ ಭಾಷೆಯ ಸಮಸ್ಯೆಯೊಂದು ಬಹುತೇಕ ಗಮನಕ್ಕೆ ಬಾರದೆ ಉಳಿಯುತ್ತದೆ. ಹಾಸನ ಸೀಮೆಯ ಗ್ರಾಮಾಂತರ ಮಾತಿನಲ್ಲಿ ಪದಾದಿಯ ಹಕಾರ ಅನೇಕರಲ್ಲಿ ಲೋಪವಾಗುತ್ತದೆ. ಹಾಸನ ‘ಆಸನ’ವಾಗುತ್ತದೆ, ಹಳೇಬೀಡು ‘ಅಳೇಬೀಡು’, ಹುಲಿ ‘ಉಲಿ’. ಬರೆದಂತೆ ಓದುವ ಲಿಪಿ ಎಂಬ ಮಾತು ಈ ಮಗುವಿನ ಮಟ್ಟಿಗೆ ಪೂರ್ತಿ ನಿಜವಲ್ಲ. ಅದು ‘ಹುಲಿ’ ಎಂಬ ಅಕ್ಷರಗಳನ್ನು ಕಂಡು ‘ಉಲಿ’ ಎಂದರೆ ಶಿಕ್ಷಕರು ತಪ್ಪೆಂದು ತಿದ್ದುತ್ತಾರೆ. ವಾಸ್ತವವಾಗಿ ಮಗು ಅಕ್ಷರವನ್ನು ಗುರುತಿಸಿದೆ, ಪದವನ್ನು ಹಿಡಿದಿದೆ, ಅರ್ಥವನ್ನೂ ಬಲ್ಲದು. ಉಚ್ಚರಿಸಿದ್ದು ಮಾತ್ರ ತನ್ನ ಮನೆಯ ರೀತಿಯಲ್ಲಿ. ಓದಿನ ತಪ್ಪಿಗೂ ಉಚ್ಚಾರಣೆಯ ಭೇದಕ್ಕೂ ಇರುವ ಅಂತರವನ್ನು ಗುರುತಿಸದ ತಿದ್ದುಪಡಿ ಮಗುವನ್ನು ಮೌನಕ್ಕೆ ತಳ್ಳುತ್ತದೆ. ಮರುಕಥನ ಇಲ್ಲಿಯೂ ನೆರವಾಗುತ್ತದೆ. ಅಜ್ಜಿ ಹೇಳಿದ ಕಥೆಯನ್ನು ಅಜ್ಜಿಯ ಮಾತಿನಲ್ಲಿಯೇ ಹಲಗೆಯ ಒಂದು ಬದಿಗೆ ಬರೆದು, ಪುಸ್ತಕದ ಮಾತಿನಲ್ಲಿ ಇನ್ನೊಂದು ಬದಿಗೆ ಬರೆದರೆ ಎರಡೂ ಕನ್ನಡಗಳೇ ಎಂಬುದು ಕಣ್ಣಿಗೆ ಕಾಣುತ್ತದೆ. ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಹಾಡುಗಳು’ ಸಂಗ್ರಹವನ್ನು ಹೊರತಂದಾಗ ಹಳ್ಳಿಯ ಮಾತು ಅಚ್ಚಿಗೆ ಅರ್ಹವೆಂದು ತೋರಿಸಿಕೊಟ್ಟಿದ್ದರು. ಶಾಲೆಯ ಹಲಗೆಗೆ ಆ ಅರ್ಹತೆ ಇನ್ನೂ ಪೂರ್ಣವಾಗಿ ತಲುಪಿಲ್ಲ.

ಪುಸ್ತಕಗಳ ಲಭ್ಯತೆಯ ಬಗ್ಗೆ ಒಂದೆರಡು ಮಾತು ಹೇಳಬೇಕು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಶಾಲೆಯ ಬೀರುವಿನ ಹೊರಗೆ ಮಗುವಿಗೆ ಇನ್ನೊಂದು ಕಪಾಟು ತೆರೆದಂತಾಯಿತು. ಆದರೆ ಮೇಲೆ ಸೂಚಿಸಿದ ಓದಿಗೆ ಒಂದೇ ಕಥೆಯ ಹಲವು ರೂಪಗಳು ಒಟ್ಟಿಗೆ ಸಿಗಬೇಕು. ಪ್ರಚಲಿತ ವರ್ಗೀಕರಣದಲ್ಲಿ ಜನಪದ ಕಥೆ ಸಮಾಜಶಾಸ್ತ್ರದ ಬಳಿ 398ನೆಯ ಸಂಖ್ಯೆಯಲ್ಲಿ, ಕಾದಂಬರಿ ಸಾಹಿತ್ಯದಲ್ಲಿ, ಶಾಸನಸಂಪುಟ ಇತಿಹಾಸದಲ್ಲಿ, ಮಕ್ಕಳ ಪುಸ್ತಕ ಬೇರೆ ಮೂಲೆಯಲ್ಲಿ ಕುಳಿತಿರುತ್ತವೆ. ಜಕಣಾಚಾರಿಯನ್ನು ಹುಡುಕುವ ಮಗು ನಾಲ್ಕು ಕಪಾಟುಗಳನ್ನು ಅಲೆಯಬೇಕು. ಅಲೆಯಲು ಹೇಳುವವರೂ ಇರುವುದಿಲ್ಲ. ವರ್ಗೀಕರಣವನ್ನು ಬದಲಿಸಬೇಕಾಗಿಲ್ಲ. ಸೂಚೀಪತ್ರದಲ್ಲಿ ಕಥೆಯ ಹೆಸರಿನಲ್ಲಿ, ಅಂದರೆ ಸಳ, ಜಕಣಾಚಾರಿ, ಶಾಂತಲೆ, ಭಾಗೀರಥಿ, ಪುಣ್ಯಕೋಟಿ, ಹಂಚಿ ಎಂಬ ಶೀರ್ಷಿಕೆಗಳಲ್ಲಿ, ಒಂದೊಂದು ಹೆಚ್ಚುವರಿ ನಮೂದು ಇದ್ದರೆ ಸಾಕು. ಬೇಲೂರು, ಅರಸೀಕೆರೆ ತಾಲ್ಲೂಕುಗಳ ಗ್ರಂಥಾಲಯಗಳು ತಮ್ಮ ಸುತ್ತಲಿನ ಐದಾರು ಐತಿಹ್ಯಗಳಿಗೆ ಇಂಥ ನಮೂದುಗಳನ್ನು ಸಿದ್ಧಪಡಿಸಲು ವಿಶೇಷ ಅನುದಾನವಾಗಲಿ ಹೊಸ ಆದೇಶವಾಗಲಿ ಬೇಕಾಗಲಾರದು. ಊರಿನ ಶಿಕ್ಷಕರೊಬ್ಬರೂ ಗ್ರಂಥಪಾಲಕರೊಬ್ಬರೂ ಕೂಡಿ ಕುಳಿತರೆ ಕೆಲವು ಮಧ್ಯಾಹ್ನಗಳ ಕೆಲಸವದು.